ಭಾವನವರ ಕಥೆಯಲ್ಲಿ ಸತ್ತ ತಿಪ್ಪಮ್ಮ

ತಿಪ್ಪಮ್ಮ ಬೀಸುವಾಗ ಹಾಡುತ್ತಿರಲಿಲ್ಲ, ಬೈಯುತ್ತಿದ್ದಳು. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸು ತವರನ್ನು ನೆನೆದು ಹಾಡಬೇಕು, ಕೇಳಿದವರ ಕಣ್ಣು ತೇವವಾಗಬೇಕು ಎಂಬುದು ಓದಿಕೊಂಡವರ ನಂಬಿಕೆ. ಕಮಲಾಪುರದ ನಮ್ಮ ವಾಡೆಯಲ್ಲಿ ಕಲ್ಲಿನ ಗರಗರದ ಜೊತೆಗೆ ಕೇಳಿಸುತ್ತಿದ್ದದ್ದು ಬೇರೆಯೇ. "ಬೀಸೇ ಬೀಸ್ತೀನಿ, ತುಂಬವಲ್ವು. ಇವು ಹೊಟ್ಟಿ ಅವೋ, ಹಗೇವು ಅವೋ?" ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಕಲ್ಲಿನ ಬಾಯಿಗೆ ಹಾಕುವ ಒಂದೊಂದು ಹಿಡಿ ಜೋಳಕ್ಕೂ ಮನೆಯವರ ಒಂದೊಂದು ಹೆಸರು ಹಿಡಿದು ಬೈಯುತ್ತಿದ್ದಳು. ನಾನು ಸೊಸೆಯಾಗಿ ಬಂದ ಕೆಲವೇ ದಿನಗಳಲ್ಲಿ ನನ್ನ ಹೆಸರೂ ಅದರಲ್ಲಿ ಸೇರಿತು. ಅವತ್ತೇ ನಾನು ಆ ಮನೆಯವಳಾದೆ ಅನ್ನಿಸಿತು.

ನಮ್ಮ ಅತ್ತೆಯವರು ಮದುವೆಯಾಗಿ ವಾಡೆಗೆ ಬರುವಾಗ ತವರಿನವರು ಕೊಟ್ಟ ಬಳುವಳಿಯಲ್ಲಿ ತಾಮ್ರದ ಹಂಡೆ, ಹಿತ್ತಾಳೆಯ ಕೊಡಗಳು, ಹಾಲು ಕರೆಯುವ ಎಮ್ಮೆ ಮತ್ತು ತಿಪ್ಪಮ್ಮ, ಇಷ್ಟಿತ್ತಂತೆ. ಹಂಡೆಯ ಮೇಲೆ ತವರಿನ ಹೆಸರು ಕೆತ್ತಿಸಿದ್ದರು. ತಿಪ್ಪಮ್ಮನ ಮೇಲೆ ಕೆತ್ತಿಸುವ ಅಗತ್ಯ ಬೀಳಲಿಲ್ಲ, ಯಾರ ಮನೆಯದೆಂದು ಕೇಳಿದರೆ ಆಕೆಯೇ ಹೇಳುತ್ತಿದ್ದಳು. ಅತ್ತೆಗೂ ಆಕೆಗೂ ಒಂದೇ ವಾರಿಗೆ, ಒಂದೇ ವಯಸ್ಸು. ಇಬ್ಬರೂ ಒಂದೇ ಬಂಡಿಯಲ್ಲಿ ಅಳುತ್ತ ಬಂದ ಹುಡುಗಿಯರು. ಇಳಿದ ಮೇಲೆ ಒಬ್ಬಳು ಗೌಡಸಾನಿಯಾದಳು, ಇನ್ನೊಬ್ಬಳು ಕಸಬರಿಗೆ ಹಿಡಿದಳು.

ಜೀತ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ನಾವು ಸಂಸ್ಕಾರವಂತರು. "ತಿಪ್ಪಮ್ಮ ಅಂದ್ರ ಮನಿಮಗಳಿದ್ದಂಗ" ಎನ್ನುತ್ತಿದ್ದೆವು. ಮನೆಯ ಮಗಳಂದಿರಿಗೆ ಮದುವೆಯಾಗುತ್ತಿತ್ತು, ಪಂಚಮಿಗೆ ಸೀರೆ ಬರುತ್ತಿತ್ತು. ಮಗಳಿದ್ದಂಗ ಇದ್ದವಳಿಗೆ ದನದ ಕೊಟ್ಟಿಗೆಯ ಮಗ್ಗುಲಿಗೆ ಒಂದು ಮೂಲೆಯಿತ್ತು. ಇನ್ನೊಬ್ಬರ ಮನೆಗೆ ಬಳುವಳಿ ಬಂದವಳನ್ನು ಮದುವೆಯಾಗಲು ಯಾವ ಗಂಡೂ ಮುಂದೆ ಬರಲಿಲ್ಲ. ಬಂದಿದ್ದರೂ ಬೀಸುವವರು ಯಾರು?

ಹೀಗೆ ಯಾರ ಕಣ್ಣಿಗೂ ಬೀಳದೆ ಸವೆಯಬೇಕಾದವಳನ್ನು ಸಾಹಿತ್ಯ ಗುರುತಿಸಿತು. ನನ್ನ ಗಂಡನ ಅಣ್ಣ ಸಂಗಣ್ಣ ಭಾವನವರು ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಓದಿ, ಹಟ ಹಿಡಿದು ಕನ್ನಡದಲ್ಲಿ ಕಥೆ ಬರೆಯುತ್ತಿದ್ದರು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ದೀನದಲಿತರ ಬಗ್ಗೆ ಅವರಿಗೆ ಬಹಳ ಮರುಕ. ಬಡವರ ಹಸಿವಿನ ಬಗ್ಗೆ ಬರೆಯಲು ಕೂತರೆ ಊಟಕ್ಕೆ ಎಬ್ಬಿಸಲು ನಾನು ಎರಡು ಸಲ ಹೋಗಬೇಕಾಗುತ್ತಿತ್ತು, ಅಷ್ಟು ತನ್ಮಯತೆ. ಒಂದು ದಿನ ಅವರು ಬಾವಿಕಟ್ಟೆಯ ಹತ್ತಿರ ಹೋಗಿ ನಿಂತು, ಬಟ್ಟೆ ಒಗೆಯುತ್ತಿದ್ದ ತಿಪ್ಪಮ್ಮನನ್ನು ಮೃದುವಾಗಿ ಕೇಳಿದರು.

"ತಿಪ್ಪಮ್ಮ, ನಿನ್ನ ಮನಸಿನ್ಯಾಗ ಏನು ನಡದದ ಈಗ?"

ಆಕೆ ಕೈಯಲ್ಲಿದ್ದ ಬಟ್ಟೆ ಎತ್ತಿ ತೋರಿಸಿದಳು. "ನಿಮ್ಮ ಧೋತರಕ್ಕ ಬಾಳಿಗೊನಿ ಕಲಿ ಹತ್ತ್ಯಾದ್ರಿ ಧಣೇರ, ಹೋಗವಲ್ದು. ಅದೇ ನಡದದ."

ಭಾವನವರು ನಿಟ್ಟುಸಿರು ಬಿಟ್ಟು ಒಳಗೆ ಬಂದು, "ಎಂಥಾ ಮೌನ ವೇದನೆ ಅದ ಆಕಿ ಕಣ್ಣಾಗ" ಎಂದರು. ಹಿತ್ತಿಲಲ್ಲಿ ಆ ಮೌನ ವೇದನೆ ಧೋತರವನ್ನೂ, ಅದರ ಒಡೆಯರನ್ನೂ ಕೂಡಿಸಿ ಬೈಯುತ್ತಿತ್ತು.

ಆಮೇಲೆ ಗಲಾಟೆಯ ದಿನಗಳು ಬಂದವು. ಹೈದರಾಬಾದಿನ ನಿಜಾಮನ ಕಡೆಯ ಬಂದೂಕಿನವರು ಹಳ್ಳಿಹಳ್ಳಿ ತಿರುಗತೊಡಗಿದರು. ನಮ್ಮ ಮಾವನವರು, ಭಾವನವರು, ನನ್ನ ಯಜಮಾನರು, ಎಲ್ಲರೂ ಹೋರಾಟಕ್ಕಾಗಿ ಸಂಸ್ಥಾನದ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರು. ನಾನು ತುಂಬಿದ ಬಸುರಿ, ಬಂಡಿಯ ಕುಲುಕಾಟ ಆಗದು. ಅತ್ತೆಯವರು ದೇವರ ಜಗಲಿ ಬಿಟ್ಟು ಬರಲೊಲ್ಲೆ ಎಂದರು. ಹೊರಡುವಾಗ ಮಾವನವರು ನಮಗೆಲ್ಲ ಧೈರ್ಯ ಹೇಳಿದರು. "ಅಂಜಬ್ಯಾಡ್ರಿ, ತಿಪ್ಪಮ್ಮ ಇದ್ದಾಳ." ತಿಪ್ಪಮ್ಮನಿಗೆ ಯಾರಿದ್ದಾರೆ ಎಂದು ಹೇಳಲು ಅವಸರದಲ್ಲಿ ಮರೆತರು.

ಒಂದು ಮಧ್ಯಾಹ್ನ ಬಂದೂಕಿನವರು ಬಂದೇಬಿಟ್ಟರು. ನಾನು ಮತ್ತು ಅತ್ತೆ ದೇವರ ಕೋಣೆಯಲ್ಲಿ ಅಗಳಿ ಹಾಕಿಕೊಂಡು ಕೂತೆವು. ತಲಬಾಗಿಲು ತೆರೆದವಳು ತಿಪ್ಪಮ್ಮ.

"ಮನಿ ಗಂಡಸರು ಎಲ್ಲಿ?" ಎಂದು ಒಬ್ಬ ಗದರಿಸಿದ.

"ಗಂಡಸರಿದ್ರ ಬಾಗಲಾ ತೆಗಿಯಾಕ ನಾ ಯಾಕ ಬರ್ತಿದ್ದೆ?"

ಹಗೇವಿನಲ್ಲಿದ್ದ ಜೋಳವನ್ನೆಲ್ಲ ಅವರು ಚೀಲಕ್ಕೆ ತುಂಬಿಸಿಕೊಂಡರು. ಒಳಗಿನ ಕೋಣೆಯ ಕಡೆ ಒಬ್ಬ ಹೆಜ್ಜೆಯಿಟ್ಟಾಗ ತಿಪ್ಪಮ್ಮ ಅಡ್ಡ ನಿಂತಳು. ಬಂದೂಕಿನ ಹಿಂಬದಿಯಿಂದ ಹೊಡೆದ ಏಟಿಗೆ ಆಕೆಯ ಎಡ ಮುಂಗೈ ಮುರಿಯಿತು. ಆಕೆ ಕೂಗಿದ ಕೂಗಿಗೋ, ಜೋಳ ಸಿಕ್ಕ ತೃಪ್ತಿಗೋ, ಅವರು ಹೊರಟುಹೋದರು. ಅತ್ತೆ ತಮ್ಮ ಸೀರೆ ಹರಿದು ಆಕೆಯ ಕೈಗೆ ಬಿದಿರು ದಬ್ಬೆ ಕಟ್ಟಿದರು. ಕಟ್ಟುವಾಗ ಅಳುತ್ತಿದ್ದರು. "ಅಳಬ್ಯಾಡ್ರಿ ಅವ್ವಾರ, ನೀರು ತರಾಕ ಇನ್ನೊಂದು ಕೈ ಅದಲ್ಲ" ಎಂದಳು ತಿಪ್ಪಮ್ಮ. ಅದನ್ನು ಆಕೆ ಸಮಾಧಾನಕ್ಕೆ ಅಂದಳೋ, ಚುಚ್ಚಲಿಕ್ಕೆ ಅಂದಳೋ ನನಗೆ ಇವತ್ತಿಗೂ ತಿಳಿದಿಲ್ಲ.

ಆ ಕೈ ಕೂಡಿಕೊಳ್ಳುವ ಮೊದಲೇ ಪೊಲೀಸ್ ಕಾರ್ಯಾಚರಣೆಯಾಯಿತು. ಹುಮನಾಬಾದ್ ರಸ್ತೆಯಲ್ಲಿ ಭಾರತದ ಮಿಲಿಟರಿ ಗಾಡಿಗಳು ಧೂಳೆಬ್ಬಿಸುತ್ತ ಹೋದವು. ನಮ್ಮ ಗಂಡಸರು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಬಡಿಗೆ ಹಿಡಿಯುವ ಸರದಿ ನಮ್ಮ ಕಡೆಯವರದಾಯಿತು. ಹೊಡೆದವರು ಸಿಗಲಿಲ್ಲ, ಆದ್ದರಿಂದ ಸಿಕ್ಕವರನ್ನು ಹೊಡೆದರು. ಬಳೆಗಾರ್ತಿ ಖಾಜಾಬಿ ನಮ್ಮೂರಿನವಳೇ. ನನ್ನ ಕುಬುಸದ ದಿನ, ಅಂದರೆ ಸೀಮಂತದ ದಿನ, ಹಸಿರು ಬಳೆ ತೊಡಿಸಿದವಳು. ಆಕೆಯ ಗಂಡ ಒಂದು ಮುಂಜಾನೆ ಹೊರಗೆ ಹೋದವನು ಮತ್ತೆ ಮನೆಗೆ ಬರಲಿಲ್ಲ.

ಅವತ್ತು ತಿಪ್ಪಮ್ಮ ನನ್ನ ಹತ್ತಿರ ಬಂದು, "ಸಣ್ಣವ್ವಾರ, ಹಗೇದಾಗ ಇಲಿ ಹೊಕ್ಕಾವ. ಬಾಯಿ ಮ್ಯಾಲ ಕಣಕಿ ಹಾಕೀನಿ. ಯಾರೂ ತೆಗೀದಂಗ ನೋಡ್ಕೋರಿ" ಎಂದಳು. ಕಣಕಿ ಎಂದರೆ ದನಕ್ಕೆ ಹಾಕುವ ಜೋಳದ ದಂಟು.

"ಎಷ್ಟು ದೊಡ್ಡ ಇಲಿ?" ಎಂದೆ. ಆಕೆಯ ಮುಖ ನೋಡಿಯೇ ನನಗೆ ಸಂಶಯ ಬಂದಿತ್ತು.

"ಬಳಿ ತೊಡಸೂವಷ್ಟು ದೊಡ್ಡವು. ಜೋಡಿ ಎರಡು ಮರಿ ಅವ."

ಬಾಗಿಲಿಗೆ ಬಡಿಗೆಯವರು ಬಂದರು. ಎಲ್ಲ ಗುರುತಿನ ಮುಖಗಳೇ. "ಬಳಿಗಾರಕಿ ಈ ಕಡಿ ಬಂದಾಳೇನು?" ಎಂದು ಕೇಳಿದರು. ತಿಪ್ಪಮ್ಮ ದಬ್ಬೆ ಕಟ್ಟಿದ ಕೈಯನ್ನು ಅವರ ಮುಂದೆ ಹಿಡಿದಳು.

"ಇದನ್ನ ಮುರದಾಗ ನೀವು ಎಲ್ಲಿದ್ರಿ? ಆವತ್ತ ಇಷ್ಟು ಮಂದಿ ಬಂದಿದ್ರ ನನ್ನ ಕೈ ಉಳೀತಿತ್ತು. ಬರ್ರಿ ಒಳಗ, ಹುಡಕ್ರಿ. ಬಸರಿ ಹೆಣ್ಮಗಳು ಕುಂತಾಳ, ಆಕಿನ್ನೂ ಹುಡಕ್ರಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಿರುಗಿ ಹೋದರು. ಖಾಜಾಬಿ ಮತ್ತು ಆಕೆಯ ಇಬ್ಬರು ಹೆಣ್ಣುಮಕ್ಕಳು ಊರು ತಣ್ಣಗಾಗುವ ತನಕ ಹಗೇವಿನಲ್ಲೇ ಇದ್ದರು. ಆಮೇಲೆ ಕಲಬುರ್ಗಿಯ ಮೋಮಿನಪುರದಲ್ಲಿದ್ದ ಆಕೆಯ ಅಣ್ಣ ಬಂದು ಕರೆದುಕೊಂಡು ಹೋದ.

ನಮ್ಮ ಗಂಡಸರು ಕೊರಳಲ್ಲಿ ಹಾರ ಹಾಕಿಕೊಂಡು ಮರಳಿದರು. ಊರಿನವರು ಮೆರವಣಿಗೆ ಮಾಡಿ ಕೆಂಪು ಬಾಳೆಹಣ್ಣು ಹಂಚಿದರು. ಮೆರವಣಿಗೆ ಮುಗಿದ ಮೇಲೆ ಮಾವನವರಿಗೆ ಹಗೇವಿನ ಸಂಗತಿ ಗೊತ್ತಾಯಿತು. "ಯಾರನ್ನ ಕೇಳಿ ಇಟ್ಟಿದ್ದಿ?" ಎಂದು ಗುಡುಗಿದರು. ತಿಪ್ಪಮ್ಮ, "ಖಾಲಿ ಇತ್ರಿ" ಎಂದಳು. ಭಾವನವರು ಮಾತ್ರ ಬಹಳ ಕಲಕಿಹೋದರು. ಇದು ದೊಡ್ಡ ಕಥೆಯ ವಸ್ತು ಎಂದರು. ಆದರೆ ಸದ್ಯಕ್ಕೆ ಓದುಗರ ಮನಸ್ಥಿತಿ ಸರಿಯಿಲ್ಲ, ಬಳೆಗಾರ್ತಿಯ ಭಾಗ ತೆಗೆದು ಬರೆಯುತ್ತೇನೆ ಎಂದರು.

ಬರೆದರು. ನನ್ನ ಮಗು ಕೂರಲು ಕಲಿಯುವ ಹೊತ್ತಿಗೆ ಕಲಬುರ್ಗಿಯಲ್ಲಿ ಆ ಕಥೆಯ ವಾಚನ ಏರ್ಪಾಟಾಯಿತು. ಗಾಜಿಪುರದಲ್ಲಿದ್ದ ನೆಂಟರ ಮನೆಯಲ್ಲಿ ನಾವೆಲ್ಲ ಇಳಿದುಕೊಂಡೆವು. ಮಗುವನ್ನು ಎತ್ತಿಕೊಳ್ಳಲು ತಿಪ್ಪಮ್ಮ ಬಂದಳು. ಸಭಾಂಗಣ ತುಂಬಿತ್ತು. ಕಥೆಯ ಹೆಸರಿನಲ್ಲಿ ದೀಪವಿತ್ತು, ಬತ್ತಿಯಿತ್ತು, ಎಣ್ಣೆ ಯಾರದೆಂದು ಮಾತ್ರ ಹೇಳಿರಲಿಲ್ಲ. ತಿಪ್ಪಮ್ಮ ಎಂಬ ಹೆಸರು ಸಾಹಿತ್ಯಕ್ಕೆ ಒಗ್ಗುವುದಿಲ್ಲವೆಂದು ಆಕೆಗೆ ಸಹನಾ ಎಂದು ಹೆಸರಿಟ್ಟಿದ್ದರು. ಸಹನಾ ಹದಿನಾರು ಪುಟಗಳಲ್ಲಿ ಒಂದು ಸಲವೂ ಬಾಯಿ ತೆರೆಯಲಿಲ್ಲ. ಬೀಸಿದಳು, ಒಗೆದಳು, ಹಸಿದಳು, ಹಸಿವನ್ನು ಮುಗುಳ್ನಗೆಯಲ್ಲಿ ಮರೆಸಿದಳು. ಕೊನೆಗೆ ಧಣಿಗಳ ಹೊಸ್ತಿಲ ಮೇಲೆ ಗುಂಡೇಟು ತಿಂದು ಬಿದ್ದಳು. ಆಗ ಮೊದಲ ಬಾರಿಗೆ ಬಾಯಿಬಿಟ್ಟು, "ಒಡೆಯಾ, ನಿಮ್ಮ ಉಪ್ಪಿನ ಋಣ ತೀರಿತು" ಎಂದು ಪ್ರಾಣ ಬಿಟ್ಟಳು. ಸಭೆಯಲ್ಲಿ ಮೂಗು ಸೀಟುವ ಸದ್ದು ಕೇಳಿಸಿತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ತಿಪ್ಪಮ್ಮನಿಗೆ ಯಾರೋ, "ಸರಿಬೇ, ದಾರಿ ಬಿಡು" ಎಂದರು.

ಮರುದಿನ ಮುಂಜಾನೆ ಭಾವನವರು ಚಹಾ ಕುಡಿಯುತ್ತ, ಬಂದವರ ಹೊಗಳಿಕೆಯನ್ನು ನಮಗೆ ಇನ್ನೊಮ್ಮೆ ಹೇಳುತ್ತಿದ್ದರು. ತಿಪ್ಪಮ್ಮ ಪಡಸಾಲೆಗೆ ಬಂದು ನಿಂತಳು.

"ಧಣೇರ, ಆಕಿನ್ನ ಯಾಕ ಕೊಂದ್ರಿ?"

ಭಾವನವರು ಸಂತೋಷಪಟ್ಟರು. ಓದು ಬರಹ ಇಲ್ಲದವಳನ್ನೂ ಕಥೆ ತಟ್ಟಿತ್ತಲ್ಲ. "ಸತ್ತರನ ತಿಪ್ಪಮ್ಮ, ಕಥಿಗಿ ಒಂದು ಘನತಿ ಬರೋದು" ಎಂದರು.

"ಉಳಿಸಿದ್ರ ಆಕಿನ್ನ ಏನು ಮಾಡ್ತಿದ್ರಿ?"

ಭಾವನವರು ಯೋಚಿಸಿದರು. ಮಹಾ ಪ್ರಾಮಾಣಿಕರು, ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಮತ್ತ ಬೀಸಾಕ ಹಚ್ಚತಿದ್ರಿ" ಎಂದಳು ತಿಪ್ಪಮ್ಮ. "ನಾ ಇನ್ನ ಕಮಲಾಪುರಕ್ಕ ಬರಂಗಿಲ್ರಿ. ಖಾಜಾಬಿ ಮನಿಗಿ ಹೋಗ್ತೀನಿ."

ಪಡಸಾಲೆಯಲ್ಲಿ ಯಾರಿಗೂ ಮೊದಲು ಅರ್ಥವಾಗಲಿಲ್ಲ. ಅತ್ತೆಗೆ ಅರ್ಥವಾಯಿತು. "ನಮ್ಮ ಉಪ್ಪು ತಿಂದಾಕಿ ನೀನು" ಎಂದರು.

"ಆ ಉಪ್ಪು ಕುಟ್ಟಿದಾಕಿ ನಾನೇ ಅಲ್ರೀ ಅವ್ವಾರ?"

ಅತ್ತೆಯ ದನಿ ಒಡೆಯಿತು. "ನನ್ನ ತವರಿನದು ಅಂತ ಉಳದದ್ದು ನೀನೊಬ್ಬಾಕಿ. ಹಂಡೆ ತೂತು ಬಿತ್ತು, ಎಮ್ಮಿ ಸತ್ತು ಎಷ್ಟು ವರ್ಷಾದ್ವು. ನನ್ನ ಬಿಟ್ಟು ಹೋಗ್ತೀಯೇನು?"

ತಿಪ್ಪಮ್ಮ ಅತ್ತೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಬಾಗಿದ ಎಡಗೈಯನ್ನು ಅವರ ಮೊಣಕಾಲ ಮೇಲಿಟ್ಟು ನಿಜವಾಗಿಯೇ ಕೇಳಿದಳು. "ನೀವೂ ಬರ್ತೀರೇನ್ರಿ?"

ಅತ್ತೆಯ ಅಳು ಗಕ್ಕನೆ ನಿಂತಿತು. ಅಂಥ ಪ್ರಶ್ನೆಯನ್ನು ಅವರ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಅವರು ಮಾವನವರ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. ತಿಪ್ಪಮ್ಮ ಎದ್ದು ನನ್ನ ಮಗುವಿನ ಕೆನ್ನೆ ಹಿಂಡಿ, ಮೆಟ್ಟಿಲಿಳಿದು ಹೋದಳು.

ಎಳೆದುಕೊಂಡು ಬರಲು ಆಳು ಕಳಿಸುತ್ತೇನೆಂದು ಮಾವನವರು ಎದ್ದರು. ಭಾವನವರು ಅವರ ಕೈ ಹಿಡಿದು ಬೇಡಿಕೊಂಡರು. "ಬ್ಯಾಡಪ್ಪ. ನಿನ್ನೆರ ನನಗ ದೀನಬಂಧು ಅಂತ ಶಾಲು ಹೊಚ್ಯಾರ. ಇವತ್ತ ಸ್ಟೇಶನ್ ಬಜಾರದಾಗ ಆಕಿನ್ನ ಜಗ್ಗಾಡಿದ್ರ ಮಂದಿ ಏನಂದಾರು?" ಮಾವನವರು ಕೂತರು. ಸಾಹಿತ್ಯದಿಂದ ಸಮಾಜಕ್ಕೆ ಏನು ಉಪಯೋಗ ಎಂದು ಕೇಳುವವರಿಗೆ ನಾನು ಇದನ್ನೇ ಉದಾಹರಣೆ ಕೊಡುತ್ತೇನೆ. ನಮ್ಮ ಭಾವನವರ ಕಥೆ ಒಬ್ಬಳನ್ನು ಬಿಡುಗಡೆ ಮಾಡಿದೆ.

ಕಥೆ ಮುಂದೆ ಶಾಲೆಯ ಪುಸ್ತಕದಲ್ಲಿ ಪಾಠವಾಯಿತು. "ಸಹನಾಳ ನಿಸ್ವಾರ್ಥ ಗುಣವನ್ನು ವಿವರಿಸಿರಿ" ಎಂಬ ಪ್ರಶ್ನೆಗೆ, ಕಲಬುರ್ಗಿಯ ನೆಂಟರ ಮನೆಯಲ್ಲಿದ್ದು ಓದುತ್ತಿದ್ದ ನನ್ನ ಮಗಳು ಉತ್ತರ ಬಾಯಿಪಾಠ ಮಾಡಿದಳು. ಆ ಶಾಲೆಯಿಂದ ಸ್ವಲ್ಪ ದೂರದಲ್ಲೇ, ಸ್ಟೇಶನ್ ಬಜಾರದ ಒಂದು ಸಂದಿಯಲ್ಲಿ, ಸಹನಾ ಹಮಾಲರಿಗೆ ರೊಟ್ಟಿ ಬಡಿದು ಮಾರುತ್ತ, ಜಗಳ ತೆಗೆದ ಗಿರಾಕಿಗಳನ್ನು ಅವರ ತಾತನ ಹೆಸರು ಹಿಡಿದು ಬೈಯುತ್ತಿದ್ದಳು. ಎಡಗೈ ಸೊಟ್ಟಗಿದ್ದದ್ದರಿಂದ ರೊಟ್ಟಿಗಳು ಒಂದು ಕಡೆ ದಪ್ಪ. ಗಿರಾಕಿಗಳು ದೂರಿದರೆ "ತೆಳ್ಳಂದು ಬೇಕಾದ್ರ ನಿಮ್ಮವ್ವನ ಕಡಿ ಹೋಗ್ರಿ" ಎನ್ನುತ್ತಿದ್ದಳು. ನಾನು ಕಲಬುರ್ಗಿಗೆ ಬಂದಾಗಲೆಲ್ಲ ಹೋಗುತ್ತಿದ್ದೆ. ಅತ್ತೆ ಬದುಕಿದ್ದಷ್ಟು ದಿನ, "ಅವ್ವಾರು ಹೆಂಗಿದ್ದಾರ?" ಎಂದು ಮೊದಲು ಕೇಳುತ್ತಿದ್ದಳು. ಅತ್ತೆ ಮಾತ್ರ ಒಮ್ಮೆಯೂ ಬರಲಿಲ್ಲ.

ತಿಪ್ಪಮ್ಮ ತೀರಿಕೊಂಡ ಸುದ್ದಿ ನನಗೆ ಮಣ್ಣಾದ ಮೇಲೆ ತಲುಪಿತು. ಅದಕ್ಕೆ ಸ್ವಲ್ಪ ದಿನ ಮೊದಲು ನಾನು ಹೋಗಿದ್ದೆ. ಅಂಗಡಿ ತೆರೆದಿರಲಿಲ್ಲ, ಮೋಮಿನಪುರದ ಮನೆಗೇ ಹೋದೆ. ಬಿಸಿಲು ಅಂಗಳದ ತನಕ ಬಂದಿತ್ತು. ಖಾಜಾಬಿಯ ಹಿರಿಮಗಳು ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟಳು.

"ಮಲಗ್ಯಾಳ್ರಿ. ಅಂಗಡಿ ನನಗ ಬಿಟ್ಟಾಳ, ಈಗ ದಿನಾ ಹಿಂಗ. ಎಬ್ಬಿಸಿದ್ರ ಬೈತಾಳ."

"ಎಬ್ಬಿಸಬ್ಯಾಡ" ಎಂದೆ.

ಒಳಗೆ ಇಣುಕಿದೆ. ಚಾಪೆಯ ಮೇಲೆ ಕೈಕಾಲು ಚೆಲ್ಲಿ, ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತಿದ್ದಳು. ಖಾಜಾಬಿಯ ಮಗಳು ನನಗೆ ಚಹಾ ಕೊಟ್ಟು ಅಂಗಡಿಗೆ ಹೋದಳು. ಕಮಲಾಪುರದ ಗೌಡರ ಸೊಸೆಯಾದ ನಾನು ತಿಪ್ಪಮ್ಮ ಏಳಲಿ ಎಂದು ಕಟ್ಟೆಯ ಮೇಲೆ ಕಾಯುತ್ತ ಕೂತೆ. ಆಕೆ ಏಳಲಿಲ್ಲ. ಬಸ್ಸಿನ ಹೊತ್ತಾಯಿತು. ಕಪ್ಪು ತೊಳೆದು ಬೋರಲು ಹಾಕಿ, ಸದ್ದಾಗದಂತೆ ಬಾಗಿಲು ಮುಂದಕ್ಕೆಳೆದು ಬಂದೆ.