ಔಷಧಿ ಅಂಗಡಿಯಿಂದ ಬರುವಷ್ಟರಲ್ಲಿ

ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನಾನು ಒಂಬತ್ತು ವರ್ಷ ನರ್ಸ್ ಆಗಿದ್ದೆ. ಅಪ್ಪನಿಗೆ ಮಂಡಿನೋವು ಹೆಚ್ಚಾದಾಗ ಕೆಲಸ ಬಿಟ್ಟು ನಾಗಪುರಕ್ಕೆ, ಲಕ್ಷ್ಮೀ ನಗರದ ಮನೆಗೆ ಬಂದೆ. ಧಾರವಾಡದಿಂದ ಸರ್ಕಾರಿ ನೌಕರಿಗೆಂದು ಬಂದ ಅಪ್ಪ ಇಲ್ಲೇ ನೆಲೆ ನಿಂತಿದ್ದರು. ನಾನು ಬಂದು ವರ್ಷ ತುಂಬಿರಲಿಲ್ಲ, ಅವ್ವನಿಗೆ ನ್ಯುಮೋನಿಯಾ ಆಯಿತು.

ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಹತ್ತು ನಿಮಿಷದಲ್ಲಿ ಹಾಸಿಗೆ ಸಿಕ್ಕಿತು. ಐರ್ಲೆಂಡಿನಲ್ಲಿ ಮುದುಕರು ಹಾಸಿಗೆ ಸಿಗದೆ ಟ್ರಾಲಿಯ ಮೇಲೆ ಗಂಟೆಗಟ್ಟಲೆ ಕಾಯುವುದನ್ನು ಕಂಡಿದ್ದ ನನಗೆ ನಮ್ಮೂರೇ ವಾಸಿ ಅನ್ನಿಸಿತ್ತು. ಅವ್ವನಿಗೆ ಪೆನಿಸಿಲಿನ್ ಆಗುವುದಿಲ್ಲ, ಹಿಂದೊಮ್ಮೆ ಮೈಯೆಲ್ಲ ಬಾತು ಉಸಿರು ಕಟ್ಟಿತ್ತು ಎಂದು ಡಾಕ್ಟರಿಗೆ ಹೇಳಿದೆ. ಅವರು ನನ್ನೆದುರಿಗೇ ಫೈಲಿನ ಮೊದಲ ಪುಟದಲ್ಲಿ ಬರೆದುಕೊಂಡರು.

ಮೂರನೇ ದಿನ ಮಧ್ಯಾಹ್ನ ಡ್ಯೂಟಿ ಬದಲಾಯಿತು. ಹೊಸ ಡಾಕ್ಟರು ಚೀಟಿ ಬರೆದು ನನ್ನ ಕೈಗಿತ್ತರು. ಔಷಧಿಯನ್ನು ಕೆಳಗಿನ ಅಂಗಡಿಯಿಂದ ಮನೆಯವರೇ ತರಬೇಕು, ಇಲ್ಲಿಯ ಪದ್ಧತಿ ಅದು.

"ಹೋಗಿ ಬಾರವ್ವ, ನಾ ಆರಾಮ ಅದೀನಿ. ಬರೂ ಮುಂದ ಒಂದು ಮೋಸಂಬಿ ತಗೊಂಬಾ," ಅಂದಳು ಅವ್ವ.

ಅಂಗಡಿಯ ಮುಂದೆ ಸಾಲಿತ್ತು. ಸಾಲಿನಲ್ಲಿ ನಿಂತು ಚೀಟಿ ನೋಡಿದೆ, ಅದರಲ್ಲಿ ಪೆನಿಸಿಲಿನ್ ಜಾತಿಯದೇ ಒಂದು ಇಂಜೆಕ್ಷನ್ ಇತ್ತು. ನನ್ನ ಕೈಯಲ್ಲೇ ಚೀಟಿ ಇದೆಯಲ್ಲ, ನಾನು ತರದೆ ಯಾರು ಕೊಡುತ್ತಾರೆ ಎಂದುಕೊಂಡೇ ಮೆಟ್ಟಿಲು ಹತ್ತಿ ಓಡಿದೆ. ಆದರೆ ಮೊದಲ ಡೋಸು ತಡವಾಗಬಾರದೆಂದು ವಾರ್ಡಿನ ಕಪಾಟಿನಿಂದ ತೆಗೆದು ಆಗಲೇ ಕೊಟ್ಟಿದ್ದರು. ಅವ್ವನ ತುಟಿ ಊದಿತ್ತು. ನನ್ನತ್ತ ಕೈ ಚಾಚಿದಳು, ಮಾತು ಬರಲಿಲ್ಲ. ಡಾಕ್ಟರು, ನರ್ಸುಗಳು, ಅವರ ಜೊತೆ ನಾನೂ ಅವಳ ಎದೆ ಒತ್ತಿದೆವು. ಸಂಜೆ ಆರರ ಹೊತ್ತಿಗೆ ಎಲ್ಲ ಮುಗಿಯಿತು.

ಇಂಜೆಕ್ಷನ್ ಕೊಟ್ಟವಳು ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಆ ಹೊತ್ತಿಗೆ ವಾರ್ಡಿನ ಮೂವತ್ತು ರೋಗಿಗಳಿಗೂ ಅವಳೊಬ್ಬಳೇ. ಗೋಡೆಗೆ ಆತು ನಿಂತು "ದೀದಿ, ಮೊದಲ ಪುಟ ನಾನು ನೋಡಲಿಲ್ಲ" ಎಂದು ಹಿಂದಿಯಲ್ಲಿ ಹೇಳುತ್ತ ಅಳುತ್ತಿದ್ದಳು. ಹಿರಿಯ ಡಾಕ್ಟರು ಅವಳನ್ನು ಒಳಗೆ ಕಳಿಸಿ ನಮಗೆ ಹೇಳಿದ್ದಿಷ್ಟು: "ವಯಸ್ಸಾಗಿತ್ತು, ಹೃದಯ ತಡೆದುಕೊಳ್ಳಲಿಲ್ಲ." ಮರಣಪತ್ರದಲ್ಲೂ ಅದನ್ನೇ ಬರೆದರು.

ಐರ್ಲೆಂಡಿನಲ್ಲಿ ನಾನೂ ಒಮ್ಮೆ ತಪ್ಪಿದ್ದೆ. ಪಕ್ಕದ ಹಾಸಿಗೆಯವರ ರಕ್ತದೊತ್ತಡದ ಗುಳಿಗೆಯನ್ನು ಒಬ್ಬ ಅಜ್ಜನಿಗೆ ಕೊಟ್ಟುಬಿಟ್ಟೆ, ಅವರು ತಲೆಸುತ್ತಿ ಬಿದ್ದು ಸೊಂಟ ಮುರಿದುಕೊಂಡರು. ನನ್ನನ್ನು ಕೂರಿಸಿಕೊಂಡು, ಅಜ್ಜನ ಮಗಳನ್ನು ಕರೆಸಿ, ನಡೆದದ್ದನ್ನು ಇದ್ದ ಹಾಗೇ ಹೇಳಿದರು ಅಲ್ಲಿಯ ಡಾಕ್ಟರು. ಆಕೆ, "ಮುಚ್ಚಿಡಲಿಲ್ಲವಲ್ಲ, ಅದಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ" ಅಂದಳು. ಮರುವಾರದಿಂದ ಗುಳಿಗೆ ಕೊಡುವ ಕ್ರಮವನ್ನೇ ಬದಲಾಯಿಸಿದರು. ನನ್ನ ಕೆಲಸ ಉಳಿಯಿತು.

ಅವ್ವನ ಹದಿಮೂರನೇ ದಿನದ ಕಾರ್ಯ ಮುಗಿದು, ನೆಂಟರು ಹೊರಟು ಹೋದ ಮೇಲೆ ಆ ಹುಡುಗಿ ಮನೆ ಬಾಗಿಲಿಗೆ ಬಂದಳು. ನಾನು ಅಡಿಗೆಮನೆಯಲ್ಲಿದ್ದೆ. ಅವಳ ದನಿ ಗುರುತು ಸಿಕ್ಕಿತು. ಅಪ್ಪ ಕೋಲೂರಿಕೊಂಡು ಎದ್ದು ಹೋಗಿ ಅವಳನ್ನು ಒಳಗೆ ಕರೆದರು.

"ಬಾ ಅವ್ವ, ಯಾರು ಬಂದಾರ ನೋಡು," ಎಂದು ನನ್ನನ್ನು ಕೂಗಿದರು.

ನಾನು ಹೋಗಲಿಲ್ಲ. ನಲ್ಲಿ ಬಿಟ್ಟು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಅಪ್ಪ ಅವಳಿಗೆ ಹಿಂದಿಯಲ್ಲಿ ಏನೋ ಹೇಳುತ್ತಿದ್ದರು, ಅವಳು ಬಿಕ್ಕುತ್ತಿದ್ದಳು. ಇಷ್ಟು ಮಾತ್ರ ಕಿವಿಗೆ ಬಿತ್ತು.

ಅವಳು ಹೋದ ಮೇಲೆ ಅಪ್ಪ ಬಂದು ಬಾಗಿಲಲ್ಲಿ ನಿಂತರು. "ಮರುದಿನಾನ ಆಕೀನ್ನ ಕೆಲಸದಿಂದ ತಗದಾರಂತ. ಆಸ್ಪತ್ರ್ಯಾಗ ಬ್ಯಾರೆ ಏನೂ ಬದಲಾಗಿಲ್ಲಂತ. ಚೀಟಿ ಬರದಾವ್ರು ಅಲ್ಲೇ ಅದಾರ. ನಿನ್ನ ಜೋಡಿ ಒಂದು ಮಾತಾಡಬೇಕಂತ ಬಂದಿತ್ತು ಹುಡುಗಿ."

ಆಸ್ಪತ್ರೆಗೆ ಪತ್ರ ಬರೆದೆ. ಯಾರನ್ನೂ ಶಿಕ್ಷಿಸಿ ಎಂದು ಕೇಳಲಿಲ್ಲ. ಔಷಧಿ ಆಗದವರ ಕೈಗೆ ಒಂದು ಕೆಂಪು ಪಟ್ಟಿ ಕಟ್ಟಿ, ಅಷ್ಟೇ ಸಾಕು ಎಂದು ಕೇಳಿದೆ. ಉತ್ತರ ಬರಲಿಲ್ಲ. ಆಮೇಲೆ, ಅಂದು ಅಡಿಗೆಮನೆಯಿಂದ ಹೊರಗೆ ಬರದಿದ್ದಕ್ಕೆ ನಾಚಿಕೆಯಾಗಿ ಹುಡುಗಿಯನ್ನು ಹುಡುಕಿದೆ. ನಾಗಪುರದ ಹತ್ತಿರದ ಉಮರೇಡಿನ ಕಡೆಯವಳು ಎಂದಷ್ಟೇ ವಾರ್ಡಿನಲ್ಲಿ ಒಬ್ಬಾಕೆ ಹೇಳಿದಳು. ಎರಡು ಸಲ ಬಸ್ಸು ಹತ್ತಿ ಹೋಗಿ ಅಲ್ಲಿಯ ದವಾಖಾನೆಗಳಲ್ಲಿ ವಿಚಾರಿಸಿದೆ. ಅಂಥ ನರ್ಸ್ ಯಾರಿಗೂ ಗೊತ್ತಿರಲಿಲ್ಲ.