ಸ್ಮಾರಕದ ಬಂದೂಕಿಗೆ ಅಗಸಿ ಎಣ್ಣೆ

ನನ್ನ ಬಡಗಿ ಅಂಗಡಿ ಮರಾಠಿ ಸೀಮೆಯ ಉಮರ್ಗಾದಲ್ಲಿ ಹೆದ್ದಾರಿಗೆ ಮುಖ ಮಾಡಿಕೊಂಡಿದೆ. ಬಸವಕಲ್ಯಾಣದ ಕಡೆಯಿಂದ ಬಂದು ಹೆಂಡತಿಯ ಊರಲ್ಲೇ ನೆಲೆ ನಿಂತವನು ನಾನು. ಬಾಗಿಲು, ಮಂಚ, ದೇವರ ಮಂಟಪ ಮಾಡುತ್ತೇನೆ. ಬಂದೂಕನ್ನು ಕೈಯಲ್ಲಿ ಹಿಡಿದದ್ದು ಒಂದೇ ಸಲ, ಅದೂ ರಿಪೇರಿಗೆ.

ತಂದವರು ಲೋಹಾರಾದ ಒಬ್ಬ ನಿವೃತ್ತ ಸುಬೇದಾರರು. ಹಳೆ ಚಾದರದಲ್ಲಿ ಸುತ್ತಿ, ಪರಿಚಯದವರ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದಿದ್ದರು. ಗಂಟು ಬಿಚ್ಚಿದ ಕೂಡಲೇ ನಾನು ಶಟರ್ ಅರ್ಧ ಎಳೆದೆ. ಅವರು ನಕ್ಕು ಪೊಲೀಸ್ ಠಾಣೆಯ ಒಪ್ಪಿಗೆ ಪತ್ರ ತೋರಿಸಿದರು. ನಳಿಗೆಯೊಳಗೆ ಸೀಸ ಸುರಿದು ಮುಚ್ಚಿದ್ದರು, ಗುಂಡು ಹಾರಿಸುವ ಕುದುರೆಗೆ ಬೆಸುಗೆ ಹಾಕಿದ್ದರು. ಅದರಿಂದ ಇನ್ನು ಯಾರಿಗೂ ಏನೂ ಆಗುವಂತಿರಲಿಲ್ಲ.

ತುರೋರಿಯ ಆಚೆ, ಒಂದು ಸಣ್ಣ ಊರಿನ ಶಾಲೆಯ ಮುಂದೆ ಸೈನಿಕನೊಬ್ಬನ ಸ್ಮಾರಕವಿದೆ. ಈ ಬಂದೂಕು ಅಲ್ಲಿ ತಲೆಕೆಳಗಾಗಿ ನಿಂತು, ಮೇಲೆ ಶಿರಸ್ತ್ರಾಣ ಹೊತ್ತು ಎಷ್ಟೋ ಮಳೆಗಾಲ ಕಂಡಿತ್ತು. ಹೆಗಲಿಗೆ ಆನಿಸುವ ಕಡೆ ಮರ ಸೀಳಿತ್ತು. ಕೆಳಗೆ ಕಟ್ಟೆಗೆ ತಾಗಿದ ತುದಿಯಲ್ಲಿ ನಳಿಗೆಯ ಸುತ್ತಲಿನ ಮರವನ್ನು ಗೆದ್ದಲು ತಿಂದಿತ್ತು. ಸತ್ತ ಸೈನಿಕನೂ ಸುಬೇದಾರರೂ ಒಂದೇ ತುಕಡಿಯವರು. ಪುಣ್ಯತಿಥಿಯ ಮೊದಲು ಸರಿಮಾಡಿ ಕೊಡಿ, ಕೊನೆಗೆ ಒಳ್ಳೆ ಕಂದು ಪೇಂಟ್ ಹೊಡೆಯಿರಿ, ಎಂದು ಹೇಳಿ ಹೋದರು.

ಪೇಂಟ್ ಆಗಲೇ ಬೇಕಾದಷ್ಟಿತ್ತು. ಪ್ರತಿವರ್ಷ ಊರವರು ಹಳೆಯದರ ಮೇಲೆ ಹೊಸದು ಬಳಿದಿದ್ದರು. ಒಂದು ಪದರ ಚಾಕೊಲೇಟು, ಇನ್ನೊಂದು ಇಟ್ಟಿಗೆ ಕೆಂಪು, ನಡುವೆ ಯಾರೋ ಹಸಿರನ್ನೂ ಹಚ್ಚಿದ್ದರು. ಕೆರೆದು ಕೆರೆದು ತೆಗೆದಾಗ ಅಡಿಯಲ್ಲಿ ಅಖ್ರೋಟ್ ಮರ ಸಿಕ್ಕಿತು. ಬಳಸಿ ಬಳಸಿ ಅಂಚುಗಳೆಲ್ಲ ದುಂಡಗಾಗಿದ್ದವು. ಹೆಗಲ ಕಡೆಯ ತುದಿಗೆ ಬಡಿದಿದ್ದ ಹಿತ್ತಾಳೆ ತಗಡಿನ ತಿರುಪುಗಳಿಗೆ ಸೀಮೆಎಣ್ಣೆ ಬಿಟ್ಟು ಮರುದಿನ ಬಿಚ್ಚಿದೆ. ತಗ್ಗು ಬಿದ್ದ ಕಡೆ ಒದ್ದೆ ಬಟ್ಟೆ ಹಾಸಿ, ಮೇಲೆ ಕಾದ ಇಸ್ತ್ರಿ ಒತ್ತಿದೆ. ಹಬೆ ಕುಡಿದು ಮರ ಉಬ್ಬಿ ಬಂತು. ಇಸ್ತ್ರಿಪೆಟ್ಟಿಗೆ ಮನೆಯದು. ಅದಕ್ಕೆ ಕಲೆಯಾದದ್ದಕ್ಕೆ ಹೆಂಡತಿ ಒಂದು ವಾರ ನನ್ನ ಅಂಗಿಗಳನ್ನು ಮುಟ್ಟಲಿಲ್ಲ.

ಗೆದ್ದಲು ತಿಂದ ಕಡೆಗೆ ತೇಪೆ ಬೇಕಿತ್ತು. ಅಖ್ರೋಟ್ ನಮ್ಮ ಕಡೆ ಸಿಗುವ ಮರವಲ್ಲ. ನಿಲಂಗಾದಲ್ಲಿ ಕೇಳಿದೆ, ಇಲ್ಲವೆಂದರು. ಉದಗೀರಿನಲ್ಲಿ ಕೆಡವಿದ ಹಳೆ ವಾಡೆಮನೆಗಳ ತೊಲೆ, ಚೌಕಟ್ಟು ಮಾರುವ ಅಡ್ಡೆಯೊಂದಿದೆ. ಅರ್ಧ ದಿನ ಹುಡುಕಿದ ಮೇಲೆ ಶೀಸಂ ಮರದ ಕಿಟಕಿಚೌಕಟ್ಟಿನ ತುಂಡು ಸಿಕ್ಕಿತು. ಬಣ್ಣ ಸ್ವಲ್ಪ ಗಾಢ, ಎಳೆ ಹೆಚ್ಚುಕಡಿಮೆ ಹೊಂದುವಂತಿತ್ತು. ಅದನ್ನೇ ಉಳಿಯಿಂದ ಕೆತ್ತಿ ಕೂಡಿಸಿ, ಸೀಳಿಗೆ ಅಂಟು ತುಂಬಿ, ಹಗ್ಗ ಸುತ್ತಿ ಬಿಗಿದಿಟ್ಟೆ.

ಹಗ್ಗ ಬಿಚ್ಚಿದ ದಿನ ಒಬ್ಬ ಹೆಂಗಸು ಬಸ್ಸಿಳಿದು ಅಂಗಡಿಗೆ ಬಂದರು. ಅರವತ್ತರ ಹತ್ತಿರದ ವಯಸ್ಸು, ಹಣೆಯಲ್ಲಿ ವಿಭೂತಿ. ಸತ್ತ ಸೈನಿಕನ ಹೆಂಡತಿ. ತವರು ಔರಾದ ಕಡೆಯಂತೆ, ನನ್ನ ಮಾತು ಕೇಳಿ ಮರಾಠಿ ಬಿಟ್ಟು ಕನ್ನಡಕ್ಕೆ ಬಂದರು. ನಾನು ಕುರ್ಚಿ ಕೊಟ್ಟೆ. ಅವರು ನೆಲದ ಮೇಲೆ, ಮರದ ಹೊಟ್ಟಿನಲ್ಲೇ ಕೂತು ಬಂದೂಕನ್ನು ನೋಡಿದರು.

"ಮುಟ್ಟಲೇನಣ್ಣಾ?" ಎಂದು ಕೇಳಿದರು.

ನಾನು ತೊಡೆಯ ಮೇಲೆ ಇಟ್ಟೆ. ಇಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ ಎಂದರು. ಪುಣ್ಯತಿಥಿಗೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸುತ್ತಾರೆ, ತೆಂಗಿನಕಾಯಿ ಕೊಡುತ್ತಾರೆ, ಬಂದೂಕಿಗೆ ದೊಡ್ಡವರು ಹಾರ ಹಾಕುತ್ತಾರೆ. ಇವರಿಗೆ ಮುಟ್ಟು ಎಂದು ಯಾರೂ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ನಿಮ್ಮ ಯಜಮಾನರು ಹಿಡಿದ ಬಂದೂಕು ಇದೇ ಅಲ್ಲವೇ ಅಕ್ಕಾ, ಎಂದೆ.

"ಅಲ್ರೀ. ಅವರು ಫೌಜಿನ್ಯಾಗ ಲಾರಿ ಓಡಸ್ತಿದ್ರು. ಗುಡ್ಡ ಕುಸಿದು ಲಾರಿ ಕೆಳಗ ಹೋತು. ಇದು ಯಾರದೋ."

ಕೋಪವಾಗಲಿ ದುಃಖವಾಗಲಿ ಆ ದನಿಯಲ್ಲಿರಲಿಲ್ಲ. ಕೆಲಸ ಏನಿದ್ದರೂ ಹೇಳು, ಸುಮ್ಮನೆ ಕೂಡುವುದು ನನಗೆ ಬರುವುದಿಲ್ಲ ಎಂದರು. ನಯವಾದ ಪಾಲಿಶ್ ಕಾಗದ ಕೊಟ್ಟು, ಮರದ ಎಳೆಯ ಗುಂಟ ಉಜ್ಜಬೇಕೆಂದು ತೋರಿಸಿದೆ. ಮುಂದೆ ಎರಡು ಸಲ ಬಂದರು. ಕಾಯಿಸಿದ ಅಗಸಿ ಎಣ್ಣೆ ಹಚ್ಚುವುದನ್ನು ನೋಡಿ, ಅಗಸಿಯಿಂದ ಚಟ್ನಿ ಅಷ್ಟೇ ಅಂದುಕೊಂಡಿದ್ದೆ ಎಂದರು. ಅವರ ಹೊಲದಲ್ಲೇ ಬೆಳೆಯುತ್ತಿದ್ದರಂತೆ. ಎಣ್ಣೆ ಹೀರಿದಂತೆ ಮರದ ಕಪ್ಪು ಗೆರೆಗಳು ಏಳುವುದನ್ನು ಇಬ್ಬರೂ ನೋಡಿದೆವು.

ಸುಬೇದಾರರು ಬಂದಾಗ ಆಕೆ ಬಂದೂಕನ್ನು ಬಟ್ಟೆಯಲ್ಲಿ ಒರೆಸುತ್ತ ಕೂತಿದ್ದರು. ಸುಬೇದಾರರಿಗೆ ಕೆಲಸ ಹಿಡಿಸಿತು, ಆದರೆ ಪೇಂಟ್ ಯಾಕಿಲ್ಲ ಎಂದು ನನ್ನನ್ನು ಕೇಳಿದರು. ಬಯಲಲ್ಲಿ ಬರೀ ಎಣ್ಣೆ ಒಂದು ಮಳೆಗಾಲ ತಡೆಯುವುದಿಲ್ಲ ಎಂದರು. ಮಾತು ಸರಿಯೇ ಇತ್ತು, ನಾನೂ ಒಪ್ಪಿದೆ.

"ತಿಂಗಳಿಗೊಮ್ಮೆ ನಾ ಎಣ್ಣೆ ಹಚ್ತೀನಿ, ಭಾವಜೀ. ಪೇಂಟ್ ಬ್ಯಾಡ," ಎಂದರು ಆಕೆ.

ಅದು ಪಂಚಾಯತಿಗೆ ಸೇರಿದ್ದು, ಜನ ಏನಂದಾರು, ಎಂದು ಸುಬೇದಾರರು ಶುರು ಮಾಡಿದರು. ಆಕೆ ಒರೆಸುವುದನ್ನು ನಿಲ್ಲಿಸಲಿಲ್ಲ.

"ಇದು ಅವರದೇ ಬಂದೂಕು ಅಂತ ನೀವ ಹೇಳಿದ್ರಿ. ನಮ್ಮತ್ತಿ ಅಳಕೋತ ಅದನ್ನ ತಬ್ಬಕೊಂಡ್ರು. ನನಗ ಗೊತ್ತಿತ್ತು, ಸುಮ್ಮ ಇದ್ದೆ."

ಸುಬೇದಾರರು ಬಾಗಿ ಬಂದೂಕಿನ ಮರದ ಮೇಲೆ ಕೈಯಾಡಿಸಿದರು. ಆಮೇಲೆ ಮೆಲ್ಲಗೆ, ಫೌಜಿನ ಡಿಪೋದಲ್ಲಿ ಸಾಲಾಗಿ ಇಟ್ಟಿದ್ದರು, ಅದರಲ್ಲಿ ಮರ ಚೆನ್ನಾಗಿದ್ದದ್ದನ್ನು ನಾನೇ ಆರಿಸಿ ತಂದೆ, ವಹಿನಿ, ಎಂದು ಸ್ವಂತ ಅತ್ತಿಗೆಗೆ ಹೇಳುವಂತೆ ಹೇಳಿದರು. ಛಲೋದೇ ತಂದೀರಿ ಎಂದು ಆಕೆ ಹೇಳಿದರು. ಆ ಮಾತಿಗೆ ಸುಬೇದಾರರ ಕಣ್ಣು ತುಂಬಿತು. ನಾನು ಚಹಾ ಹೇಳಿಬರುವ ನೆಪದಲ್ಲಿ ಹೊರಗೆ ಹೋದೆ.

ಪೇಂಟ್ ಹಚ್ಚಲಿಲ್ಲ. ಸುಬೇದಾರರೇ ಪಂಚಾಯತಿಗೆ ಹೇಳಿ ಒಪ್ಪಿಸಿ, ಮೇಲೊಂದು ತಗಡಿನ ಸಣ್ಣ ಮಾಡು ಹಾಕಿಸಿದರು. ಪುಣ್ಯತಿಥಿಯ ದಿನ ಬಂದೂಕಿಗೆ ಮೊದಲ ಹಾರ ಹಾಕಿದ್ದು ಆಕೆಯೇ ಎಂದು ಕೇಳಿದೆ. ನಾನು ಹೋಗಿರಲಿಲ್ಲ, ಲಗ್ನದ ಮಂಚವೊಂದು ಅವಸರದಲ್ಲಿತ್ತು.

ಮಳೆ ಹಿಡಿಯುವ ಮೊದಲು ಆಕೆ ಮತ್ತೆ ಬಂದರು. ಮೇಲಿನ ತುದಿ ಕೈಗೆ ಎಟುಕುವುದಿಲ್ಲ, ನಿಂತುಕೊಳ್ಳಲು ಒಂದು ಸ್ಟೂಲು ಬೇಕೆಂದರು. ಜಾಲಿ ಮರದಲ್ಲಿ ಗಟ್ಟಿಯಾಗಿ ಮಾಡಿಕೊಟ್ಟೆ. ಅಂಗಡಿಯಲ್ಲೇ ಹತ್ತಿ ನಿಂತು ನೋಡಿದರು, ಇಳಿದು ಒಂದು ಕಾಲನ್ನು ತೋರಿಸಿದರು. ಸ್ಮಾರಕದ ಬಳಿ ನೆಲ ಒಂದು ಕಡೆ ಏರು, ಇದನ್ನು ಸ್ವಲ್ಪ ಗಿಡ್ಡ ಮಾಡಿಕೊಡು ಎಂದರು. ಕೊಯ್ದುಕೊಟ್ಟೆ. ಬಸ್ಸು ಬಂದಾಗ ಕಂಡಕ್ಟರ್ ಸ್ಟೂಲನ್ನು ಇಸಿದುಕೊಂಡು ಹಿಂದಿನ ಸೀಟಿನ ಬಳಿ ಇಟ್ಟ. ಆಕೆ ಅದು ಅಲುಗದಂತೆ ಪಾದ ಒತ್ತಿಕೊಂಡು ಕಿಟಕಿಯ ಪಕ್ಕ ಕೂತರು.