ಕ್ರೀಸಿನಲ್ಲಿ ಬೈಕ್ ಹೆಲ್ಮೆಟ್

2005–06ರ ಸುಮಾರು. ಬಿಡದಿಯಲ್ಲಿ ದಿನಕ್ಕೊಂದು ಶೆಡ್ಡು ಏಳುತ್ತಿದ್ದ ಕಾಲ. ರಾಮನಗರದ ಹತ್ತಿರದ ಕೈಲಾಂಚ ಕಡೆಯವನಾದ ನನಗೂ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಸಣ್ಣ ಸಣ್ಣ ಬಿಡಿಭಾಗಗಳನ್ನು ಭೂತಗನ್ನಡಿಯ ಕೆಳಗೆ ಹಿಡಿದು, ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡಿ ಪಾಸ್ ಮಾಡುವ ಕೆಲಸ. ಕಣ್ಣು ಚೆನ್ನಾಗಿದೆ ಎಂದೇ ನನ್ನನ್ನು ತೆಗೆದುಕೊಂಡಿದ್ದರು. ವಾರಕ್ಕೆ ಆರು ದಿನ ಕೆಲಸ, ಭಾನುವಾರ ಕ್ರಿಕೆಟ್.

ನನ್ನ ಹುಚ್ಚು ಸ್ವಲ್ಪ ವಿಚಿತ್ರ. ಉಣ್ಣುವುದು, ಬರೆಯುವುದು, ಸ್ಪ್ಯಾನರ್ ತಿರುಗಿಸುವುದು ಎಲ್ಲ ಬಲಗೈ. ಬ್ಯಾಟ್ ಹಿಡಿದಾಗ ಮಾತ್ರ ಎಡಗೈ ಆಟಗಾರ! ಇದಕ್ಕೆಲ್ಲ ಕಾರಣ ಟಿವಿ. ವಿದೇಶದ ಪುಟಿಯುವ ಪಿಚ್‌ಗಳಲ್ಲಿ ಆರಡಿ ಮೀರಿದ ಬೌಲರ್‌ಗಳು ಓಡಿಬಂದು ಎದೆಮಟ್ಟಕ್ಕೆ ಹಾಕಿದ ಬಾಲನ್ನು ದೊಡ್ಡ ದೊಡ್ಡ ಎಡಗೈ ಆಟಗಾರರು ಒಂದು ಹೆಜ್ಜೆ ಹಿಂದಕ್ಕೆ ಸರಿದು, ನೊಣ ಓಡಿಸಿದಷ್ಟು ಸಲೀಸಾಗಿ ಬೌಂಡರಿಗೆ ಕಳಿಸುತ್ತಿದ್ದರು. ನಮ್ಮವರಿರಲಿ, ಎದುರಾಳಿಗಳಿರಲಿ, ಎಡಗೈಯವನು ನೂರು ಹೊಡೆದರೆ ನನಗೆ ಅಂದು ಹಬ್ಬ. ಹತ್ತನೇ ತರಗತಿಯಲ್ಲೇ ನಾನೂ ತಿರುಗಿ ನಿಲ್ಲಲು ಶುರು ಮಾಡಿದೆ. ಹಿಪ್ಪುನೇರಳೆ ತೋಟದ ಪಕ್ಕದ ಬಯಲಿನಲ್ಲಿ, ಟೆನಿಸ್ ಬಾಲಿಗೆ, ಅದು ನಡೆದೂ ಬಿಟ್ಟಿತು. ಯಾರಾದರೂ 'ಎಡಚ' ಎಂದು ಕೂಗಿದರೆ ಒಳಗೊಳಗೇ ಹಿಗ್ಗುತ್ತಿದ್ದೆ.

ಆ ವರ್ಷ ಕಾರ್ಖಾನೆಗಳ ನಡುವೆ ಟೂರ್ನಮೆಂಟ್ ಇಟ್ಟರು. ರಾಮನಗರದ ಒಂದು ಮೈದಾನ, ಮ್ಯಾಟ್ ಹಾಸಿದ ಪಿಚ್, ಲೆದರ್ ಬಾಲು. ನಾನು ಲೆದರ್ ಬಾಲಿಗೆ ಬ್ಯಾಟ್ ಹಿಡಿದದ್ದು ಅದೇ ಮೊದಲು. ನಮ್ಮ ಕಿಟ್ಟಿನಲ್ಲಿ ಪ್ಯಾಡಿತ್ತು, ಗ್ಲೌಸಿತ್ತು, ಹೆಲ್ಮೆಟ್ ಇರಲಿಲ್ಲ. ಅದು ಬೇಕು ಎಂದು ಯಾರಿಗೂ ಅನ್ನಿಸಿಯೂ ಇರಲಿಲ್ಲ.

ಎದುರು ತಂಡದಲ್ಲಿ ಸಿದ್ದಲಿಂಗಣ್ಣ ಎಂಬ ಬೌಲರ್ ಇದ್ದರು. ಚನ್ನಪಟ್ಟಣದವರು, ಕಡ್ಡಿಯಂಥ ಆಳು, ವಯಸ್ಸು ಮೂವತ್ತರ ಆಸುಪಾಸು. ನನಗೆ ಅವರ ಮೊದಲ ಬಾಲು ಕಾಣಲೇ ಇಲ್ಲ. ಎರಡನೆಯದು ಬ್ಯಾಟಿನ ಅಂಚಿಗೆ ತಗುಲಿ ಬೌಂಡರಿಗೆ ಹೋಯಿತು. ಬೇಕೆಂದೇ ಹೊಡೆದವನ ಹಾಗೆ ನಾನು ಬ್ಯಾಟ್ ಎತ್ತಿ ತೋರಿಸಿದೆ. ಅವರ ಕ್ಯಾಪ್ಟನ್‌ಗೆ ಮೈ ಉರಿದಿರಬೇಕು. "ರೌಂಡ್ ದ ವಿಕೆಟ್ ಹಾಕಣ್ಣ" ಎಂದು ಕೂಗಿದ. ವಿಕೆಟ್ಟಿನ ಆ ಇನ್ನೊಂದು ಬದಿಯಿಂದ ಹಾಕಿದರೆ ಎಡಗೈಯವನಿಗೆ ಬಾಲು ನೇರ ಮೈಮೇಲೆ ಬರುತ್ತದೆ.

ಸಿದ್ದಲಿಂಗಣ್ಣ ಓಡಿ ಬರುತ್ತಾ ಅರ್ಧಕ್ಕೇ ನಿಂತುಬಿಟ್ಟರು.

"ತಮ್ಮ, ಹೆಲ್ಮೆಟ್ ಎಲ್ಲಿ?"

"ಇಲ್ಲ ಕಣಣ್ಣ. ಪರವಾಗಿಲ್ಲ, ಹಾಕು."

"ನಿಂಗೆ ಪರವಾಗಿಲ್ದೆ ಇರ್ಬೋದು. ನಂಗೈತೆ. ನಾನು ಹಾಕಕ್ಕಿಲ್ಲ."

ಹೆಲ್ಮೆಟ್ ಹಾಕಲೇಬೇಕೆಂಬ ನಿಯಮವಿಲ್ಲ ಎಂದರು ಅಂಪೈರ್. ಅವರ ತಂಡದವರೇ "ಏನ್ ನಾಟ್ಕ ಇದು" ಎಂದು ರೇಗಿದರು. ಸಿದ್ದಲಿಂಗಣ್ಣ ಯಾರ ಮಾತೂ ಕೇಳದೆ ಬಾಲನ್ನು ಅಂಪೈರ್ ಕೈಗಿಟ್ಟು, ಮೈದಾನದಾಚೆ ಹೊಂಗೆಮರದ ಕೆಳಗೆ ನಿಲ್ಲಿಸಿದ್ದ ತಮ್ಮ ಬೈಕಿನ ಹತ್ತಿರ ಹೋದರು. ಕನ್ನಡಿಗೆ ಸಿಕ್ಕಿಸಿದ್ದ ಕೆಂಪು ಹೆಲ್ಮೆಟ್ ತಂದು, ಗಾಜು ಮೇಲಕ್ಕೆತ್ತಿ, ಚಿಕ್ಕ ಮಗುವಿಗೆ ಟೋಪಿ ಹಾಕುವಂತೆ ನನ್ನ ತಲೆಗೆ ಹಾಕಿ ಪಟ್ಟಿ ಬಿಗಿದರು. ಹಣೆಯ ಮೇಲೆ ಕಬ್ಬಾಳಮ್ಮ ದೇವಿಯ ಸ್ಟಿಕ್ಕರ್ ಬೇರೆ.

ಇಡೀ ಮೈದಾನ ಗೊಳ್ಳೆಂದಿತು. "ಎಲ್ಲಿಗ್ಲಾ ಹೊಂಟೆ, ಬೆಂಗ್ಳೂರ್ಗಾ?" "ಒಸಿ ಪೆಟ್ರೋಲ್ ಹಾಕುಸ್ಕೊಂಡು ಹೋಗ್ಲಾ!" ಕೂಗಿದವರಲ್ಲಿ ನಮ್ಮ ತಂಡದವರೇ ಹೆಚ್ಚು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸಿದ್ದಲಿಂಗಣ್ಣನನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದುಕೊಂಡೆ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ಬಾಲು ಮ್ಯಾಟಿನ ಮಡಿಕೆಗೆ ಬಿತ್ತೋ ಏನೋ, ಸೊಂಟದ ಎತ್ತರಕ್ಕೆ ಬರಬೇಕಾದದ್ದು ಮುಖಕ್ಕೆ ಎದ್ದಿತು. ಟಿವಿಯಲ್ಲಿ ನೋಡಿದ್ದ ಯಾವ ಹೊಡೆತವೂ ನೆನಪಾಗಲಿಲ್ಲ. ಕತ್ತು ತಿರುಗಿಸಿದ್ದಷ್ಟೇ ಗೊತ್ತು. ಬಲಗಣ್ಣಿನ ಪಕ್ಕ ಫಟಾರೆಂದು ಸದ್ದಾಯಿತು. ಬಿದ್ದೆ.

ಎಲ್ಲರಿಗಿಂತ ಮೊದಲು ಬಳಿಗೆ ಬಂದವರು ಸಿದ್ದಲಿಂಗಣ್ಣ. ಅವರೇ ಪಟ್ಟಿ ಬಿಚ್ಚಿ ಹೆಲ್ಮೆಟ್ ತೆಗೆದರು. "ಕಣ್ಣು ಬುಡು ತಮ್ಮ, ನನ್ನ ನೋಡು. ಕಾಣ್ತಾ ಐತಾ?" ಎಂದು ಕೇಳುತ್ತಲೇ ಇದ್ದರು. ಕಾಣುತ್ತಿದೆ ಎಂದೆ. ಅವರು ಅಲ್ಲೇ ಮ್ಯಾಟಿನ ಮೇಲೆ ಕುಸಿದು ಕೂತು, ಶರಟಿನ ತುದಿಯಿಂದ ಮುಖ ಮುಚ್ಚಿಕೊಂಡು ಅತ್ತರು. ಹೆಲ್ಮೆಟ್ಟಿನಲ್ಲಿ ಬೆರಳುದ್ದದ ಬಿರುಕು. ನನಗೆ ಕಿವಿ ಗುಂಯ್‌ಗುಟ್ಟಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಮಧ್ಯಾಹ್ನ ಆಸ್ಪತ್ರೆಯಲ್ಲೂ ಅದನ್ನೇ ಹೇಳಿದರು.

ಮುಂದಿನ ಭಾನುವಾರ ಹೊಸ ಹೆಲ್ಮೆಟ್ ತೆಗೆದುಕೊಂಡು ಚನ್ನಪಟ್ಟಣಕ್ಕೆ ಹೋದೆ. ಸಿದ್ದಲಿಂಗಣ್ಣ ಅದನ್ನು ಪಕ್ಕಕ್ಕಿಟ್ಟು, "ಒಂದ್ ಗಳಿಗೆ ಬಾ" ಎಂದು ಎರಡು ಮನೆಯಾಚೆ ಕರೆದುಕೊಂಡು ಹೋದರು. ಜಗಲಿಯ ಮೇಲೆ ಮಾದೇವ ಎಂಬ ನನ್ನ ವಯಸ್ಸಿನವನು ಬೊಂಬೆ ಗಾಡಿಗಳಿಗೆ ಚಕ್ರ ಸೇರಿಸುತ್ತಾ ಕೂತಿದ್ದ. ಚಕ್ರದ ಕಡ್ಡಿ ಮೊದಲ ಸಲ ತೂತು ತಪ್ಪಿ ಪಕ್ಕಕ್ಕೆ ಹೋಗುತ್ತಿತ್ತು. ಆಮೇಲೆ ಬೆರಳಿನಿಂದ ತಡವಿ ಕೂರಿಸುತ್ತಿದ್ದ. ಅವನಿಗೆ ಬಲಗಣ್ಣು ಇರಲಿಲ್ಲ.

"ಇವನೂ ನಿನ್ನಂಗೇ ಎಡಗೈಲಿ ಆಡ್ತಿದ್ದ. ನನ್ನ ಬಾಲೇ ತಗುಲಿದ್ದು" ಎಂದರು ಸಿದ್ದಲಿಂಗಣ್ಣ. ಹಾಗೆಂದು ಅಂಗಳದಲ್ಲೇ ನಿಂತರು. ಎರಡು ವರ್ಷದಿಂದ ಆ ಜಗಲಿ ಹತ್ತಿರಲಿಲ್ಲವಂತೆ. ಮಾದೇವ ಎಂದೂ ಬೈದವನಲ್ಲ, ಇವರಿಗೇ ಮುಖ ತೋರಿಸಲು ಆಗಿರಲಿಲ್ಲ.

ಮೈದಾನದ ಕತೆ ಮಾದೇವನಿಗೆ ಆಗಲೇ ಯಾರೋ ಹೇಳಿದ್ದರು. "ಎಲ್ಲಿ ಬಿತ್ತು?" ಎಂದು ನನ್ನನ್ನು ಕೇಳಿದ. ನಾನು ಮುಖ ಮುಂದಕ್ಕೆ ಚಾಚಿದೆ. ಅರಗಿನ ಬಣ್ಣ ಮೆತ್ತಿದ ಬೆರಳಿನಿಂದ ನನ್ನ ಬಲಗಣ್ಣಿನ ಪಕ್ಕ ಮೆಲ್ಲಗೆ ಮುಟ್ಟಿ, "ನಂಗೂ ಇಲ್ಲೇ" ಎಂದ. ಆಮೇಲೆ ಸಿದ್ದಲಿಂಗಣ್ಣನ ಕಡೆ ತಿರುಗಿದ.

"ಇವನ ಕಣ್ಣು ಉಳುಸ್ದಲ್ಲ, ಸಾಕು ಬುಡಣ್ಣ. ಬಾ, ಕೂತ್ಕೊ."

ಸಿದ್ದಲಿಂಗಣ್ಣ ಜಗಲಿ ಹತ್ತಿ ಕೂತರು. ಮಾದೇವನ ತಾಯಿ ಮೂರು ಲೋಟ ಕಾಫಿ ತಂದಿಟ್ಟರು. ಯಾರೂ ಕ್ರಿಕೆಟ್ ಮಾತಾಡಲಿಲ್ಲ.

ಇಂದಿಗೂ ಟಿವಿಯಲ್ಲಿ ಎಡಗೈ ಆಟಗಾರರು ವೇಗದ ಬೌಲರನ್ನು ಎದುರಿಸುವುದನ್ನು ಮೈಮರೆತು ನೋಡುತ್ತೇನೆ. ಅವರ ಆ ಸಲೀಸುತನದ ಹಿಂದೆ ಎಷ್ಟು ಬೆವರಿದೆ, ಎಷ್ಟು ಎಚ್ಚರವಿದೆ ಎಂದು ಈಗ ಗೊತ್ತು. ನಾನು ಅವರಿಂದ ಕಲಿತದ್ದು ನಿಲ್ಲುವ ರೀತಿ ಮಾತ್ರ. ನೂರಾರು ಜನರ ಮುಂದೆ ನನ್ನನ್ನು ನಗೆಪಾಟಲಿಗೆ ಈಡುಮಾಡಿದ ಆ ಮನುಷ್ಯನಿಗೆ, ಬೆಳಿಗ್ಗೆ ಕಣ್ಣು ಬಿಟ್ಟಾಗಲೆಲ್ಲ ಕೈ ಮುಗಿಯುತ್ತೇನೆ.